ನಕ್ಷತ್ರ ಬಿಡಿಸಬೇಡಿ, ಕೋನ ತಿರುಗಿಸಿ

ಫತೇಪುರ್ ಸಿಕ್ರಿಯ ಹಮಾಮೊಂದರ (ಸ್ನಾನಗೃಹದ) ಗಾರೆಯ ಮೇಲೆ ನಕ್ಷತ್ರ ವಿನ್ಯಾಸದ ಜೊತೆಗೆ ಮಸುಕಾದ ಗೀಚು ಗೆರೆಗಳೂ ಉಳಿದಿದ್ದವು. ಅವು ಹಳೆಯ ಕುಶಲಕರ್ಮಿಗಳು ಮೊದಲು ಹಾಕಿಕೊಂಡ ಬಹುಭುಜಗಳು ಎಂದು ಗುರುತಿಸಿದವರು ಆಗ್ರಾದಲ್ಲಿದ್ದ ಬ್ಯಾಕ್ಟೀರಿಯಾ ತಜ್ಞ ಹ್ಯಾಂಕಿನ್. ಅವರ ಬರಹವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1925ರಲ್ಲಿ ಪ್ರಕಟಿಸಿತು. ಸೂತ್ರ ಸರಳ: ಬಹುಭುಜದ ಪ್ರತಿ ಬಾಹುವಿನ ನಡುಬಿಂದುವಿನಿಂದ ಒಳಕ್ಕೆ ಎರಡು ಗೆರೆ ಎಳೆಯಿರಿ, ಪಕ್ಕದ ಬಾಹುವಿನ ಗೆರೆ ಸಿಕ್ಕಿದಲ್ಲಿ ನಿಲ್ಲಿಸಿ. ಚುಕ್ಕಿ ಇಟ್ಟು ರಂಗೋಲಿ ಹಾಕುವವರಿಗೆ ಇದು ಹೊಸದೇನಲ್ಲ.

ಇದನ್ನೇ ರೈನೋ ಎಂಬ ಕಂಪ್ಯೂಟರ್ ವಿನ್ಯಾಸ ತಂತ್ರಾಂಶದೊಳಗೆ ಘಟಕಗಳನ್ನು ಒಂದಕ್ಕೊಂದು ಜೋಡಿಸಿ ಆಕೃತಿ ಬರೆಸುವ ಗ್ರಾಸ್‌ಹಾಪರ್‌ನಲ್ಲಿ ಮಾಡೋಣ. 200 ಮಿ.ಮೀ. ಚೌಕ ಟೈಲ್ ಎಂದಿಟ್ಟುಕೊಳ್ಳಿ. ನಡುವೆ ಅಷ್ಟಭುಜ, ನಾಲ್ಕು ಮೂಲೆಗಳಲ್ಲಿ ಒಂದೊಂದು ಪುಟ್ಟ ಚೌಕದ ಕಾಲು ಭಾಗ. ಟೈಲಿನ ಅಳತೆಯನ್ನು 2.414ರಿಂದ ಭಾಗಿಸಿದರೆ ಬಾಹುವಿನ ಉದ್ದ ಸುಮಾರು 82.84 ಮಿ.ಮೀ. ಸಿಗುತ್ತದೆ. ‘ಪಾಲಿಗನ್’ ಘಟಕಕ್ಕೆ 8 ಬಾಹು, 108.24 ಮಿ.ಮೀ. ತ್ರಿಜ್ಯ ಕೊಡಿ. ಅದರ ಒಂದು ಮೂಲೆ ನೇರ ಬಲಕ್ಕೆ ಚಾಚಿಕೊಂಡಿರುತ್ತದೆ, 22.5 ಡಿಗ್ರಿ ತಿರುಗಿಸಿ ಸರಿಪಡಿಸಿ.

ಈಗ ‘ಎಕ್ಸ್‌ಪ್ಲೋಡ್’ ಮಾಡಿ ಬಾಹುಗಳನ್ನು ಬಿಡಿಸಿ. ‘ಇವ್ಯಾಲ್ಯುಯೇಟ್ ಕರ್ವ್’ಗೆ 0.5 ಕೊಟ್ಟರೆ ನಡುಬಿಂದುವೂ ಬಾಹುವಿನ ದಿಕ್ಕೂ ಸಿಗುತ್ತವೆ. ‘ರೀಪ್ಯಾರಾಮೀಟರೈಸ್’ ಆಯ್ಕೆ ಮಾತ್ರ ಮರೆಯಬೇಡಿ, ಅದಿಲ್ಲದಿದ್ದರೆ 0.5 ಎಂದರೆ ನಡುಬಿಂದು ಆಗುವುದಿಲ್ಲ. ಕೋನದ ಅಂಕಿಯನ್ನು ಎಳೆದು ಬದಲಿಸಲು ಒಂದು ಸ್ಲೈಡರ್ ಇಟ್ಟು ಅದರ ಕೋನದಷ್ಟು ದಿಕ್ಕನ್ನು ತಿರುಗಿಸಿದರೆ ಮುಂದಕ್ಕೆ ಹೋಗುವ ಗೆರೆ. 180ರಿಂದ ಆ ಕೋನ ಕಳೆದು ತಿರುಗಿಸಿದರೆ ಹಿಂದಕ್ಕೆ ಹೋಗುವ ಗೆರೆ. ಗ್ರಾಸ್‌ಹಾಪರ್ ಕೋನವನ್ನು ರೇಡಿಯನ್‌ನಲ್ಲಿ ಕೇಳುತ್ತದೆ, ಡಿಗ್ರಿಗೆ ಬದಲಿಸಿಕೊಳ್ಳಿ. ನಕ್ಷತ್ರ ಹೊರಕ್ಕೆ ಚೆಲ್ಲಿದರೆ ಕೋನಗಳ ಮುಂದೆ ಋಣ ಚಿಹ್ನೆ ಹಾಕಿದರಾಯಿತು.

ಹಿಂದಿನ ಗೆರೆಗಳ ಪಟ್ಟಿಯನ್ನು ‘ಶಿಫ್ಟ್ ಲಿಸ್ಟ್’ನಿಂದ ಒಂದು ಮನೆ ಸರಿಸಿ, ಮುಂದಿನ ಗೆರೆಗಳೊಡನೆ ‘ಲೈನ್ ಲೈನ್’ ಛೇದನಕ್ಕೆ ಜೋಡಿಸಿ. ಬಂದ ಬಿಂದುಗಳನ್ನು ನಡುಬಿಂದುಗಳ ಜೊತೆ ‘ವೀವ್’ನಲ್ಲಿ ಒಂದು ಬಿಟ್ಟು ಒಂದರಂತೆ ಹೆಣೆದು ಮುಚ್ಚಿದ ‘ಪಾಲಿಲೈನ್’ ಎಳೆದರೆ ನಕ್ಷತ್ರ ತಯಾರು. ಸ್ಲೈಡರ್ 45ರಲ್ಲಿದ್ದರೆ ಒಂದರ ಮೇಲೊಂದು ಇಟ್ಟ ಎರಡು ಚೌಕಗಳ ಹೊರರೇಖೆ, 67.5ಕ್ಕೆ ಒಯ್ದರೆ ಸೂಜಿಯಂತೆ ಚೂಪಾದ ಎಂಟು ಮೊನೆ.

ಮೂಲೆಯ ಚೌಕಕ್ಕೂ ಇದೇ ಸರಣಿ: ಬಾಹು 4, ತ್ರಿಜ್ಯ 58.58, ಕೇಂದ್ರಬಿಂದುವಾಗಿ ಟೈಲಿನ ಮೂಲೆ. ಇದನ್ನು ತಿರುಗಿಸುವ ಗೊಡವೆಯಿಲ್ಲ. ಇಲ್ಲಿ ನಾನು ಅರ್ಧ ಗಂಟೆ ತಲೆ ಕೆರೆದುಕೊಂಡಿದ್ದೇನೆ. 45 ಡಿಗ್ರಿಯಲ್ಲಿ ಅಷ್ಟಭುಜ ಚಂದವಾಗಿ ನಿಂತಿತು, ಚೌಕ ಮಾತ್ರ ಖಾಲಿ! ಚೌಕದಲ್ಲಿ ಆ ಕೋನಕ್ಕೆ ಅಕ್ಕಪಕ್ಕದ ಗೆರೆಗಳು ಒಂದೇ ನೇರದಲ್ಲಿ ಬಂದುಬಿಡುತ್ತವೆ. ಛೇದಿಸುವ ಬಿಂದು ಯಾವುದೆಂದು ಹೇಳಲು ತಂತ್ರಾಂಶಕ್ಕೆ ಆಗುವುದಿಲ್ಲ. 45.1 ಮಾಡಿದೆ, ಬಂತು. ವ್ಯತ್ಯಾಸ ಕಣ್ಣಿಗೆ ಕಾಣದು.

ಎರಡೂ ಆಕೃತಿಗಳಿಗೆ ಸ್ಲೈಡರ್ ಒಂದೇ ಇರಲಿ. ಬಾಹುವಿನ ಉದ್ದವೂ ಕೋನವೂ ಸಮವಾಗಿರುವುದರಿಂದ ಗೆರೆಗಳು ಟೈಲಿನಿಂದ ಟೈಲಿಗೆ ಮುರಿಯದೆ ಸಾಗುತ್ತವೆ. ಟೈಲನ್ನು ಯಾವ ದಿಕ್ಕಿಗೆ ತಿರುಗಿಸಿ ಕೂರಿಸಿದರೂ ಕೂಡುತ್ತದೆ, ಗಾರೆಯವರಿಗೆ ತಲೆನೋವಿಲ್ಲ. ಗೆರೆಗೆ ದಪ್ಪ ಬೇಕಿದ್ದರೆ ‘ಆಫ್‌ಸೆಟ್’ನಲ್ಲಿ ಒಳಕ್ಕೊಂದು ಹೊರಕ್ಕೊಂದು ಮೂರು ಮಿ.ಮೀ. ಕೊಡಿ. ಟೈಲ್‌ಗಳ ನಡುವೆ ಎರಡು ಮಿ.ಮೀ. ಸಂದು ಬಿಡುವುದಾದರೆ ಅಚ್ಚಿನ ಅಳತೆ 198ಕ್ಕೆ ಇಳಿಸಿ, ಚಿತ್ರವನ್ನು 200ರಲ್ಲೇ ಬಿಟ್ಟು ಅಂಚು ಕತ್ತರಿಸಿ. ಚಿತ್ರವನ್ನೇ ಕುಗ್ಗಿಸಿದರೆ ಓರೆ ಗೆರೆಗಳು ಸಂದಿನಾಚೆ ಒಂದರ ನೇರಕ್ಕೊಂದು ಬರುವುದಿಲ್ಲ.