ಕಿಟಕಿ, ಮೀಟರ್, ಮಾಸ್ಕ್: ಕೋವಿಡ್ ಕಾಲದಲ್ಲಿ ಶಾಲೆ ನಡೆಸಿದ ನನ್ನ ಅನುಭವ

ಕೋವಿಡ್ ಇದ್ದಾಗ ಶಾಲೆ ತೆರೆಯಬೇಕಾ ಬೇಡವಾ ಅಂತ ಎಲ್ಲ ಕಡೆ ವಾದ ನಡೆಯುತ್ತಿತ್ತು. ಮುಖ್ಯ ಶಿಕ್ಷಕಿಯಾಗಿದ್ದ ನನಗೆ ಅದರಾಚೆಯ ಪ್ರಶ್ನೆಯೇ ದೊಡ್ಡದಾಗಿತ್ತು. ತೆರೆಯಿರಿ ಅಂತ ಆದೇಶ ಬಂದ ಮೇಲೆ, ಮತ್ತೆ ಮುಚ್ಚುವ ಪರಿಸ್ಥಿತಿ ಬರದ ಹಾಗೆ ನಡೆಸುವುದು ಹೇಗೆ? ಗೇಟು ತೆರೆಯೋದು ಒಂದು ದಿನದ ಕೆಲಸ. ತೆರೆದೇ ಇಡೋದು ಪ್ರತಿ ಪೀರಿಯಡ್ಡಿನ ಕೆಲಸ.

2020ರಲ್ಲಿ ಒಂದು ಹಂತದಲ್ಲಿ ಜಗತ್ತಿನಾದ್ಯಂತ ಸುಮಾರು 160 ಕೋಟಿ ವಿದ್ಯಾರ್ಥಿಗಳಿಗೆ ಶಾಲೆ ಕಾಲೇಜು ಮುಚ್ಚಿತ್ತು ಅನ್ನುತ್ತದೆ ಯುನೆಸ್ಕೊ ಲೆಕ್ಕ. ಅಷ್ಟು ದೊಡ್ಡ ಅಂಕಿ ತಲೆಗೆ ಹೋಗೋದು ಕಷ್ಟ. ನನಗೆ ಅದು ಅರ್ಥವಾಗಿದ್ದು ಎರಡನೇ ತರಗತಿಯ ಒಬ್ಬ ಹುಡುಗನ ಪಕ್ಕ ಕೂತಾಗ. ಮುಚ್ಚುವ ಮೊದಲು ಸಣ್ಣ ಸಣ್ಣ ವಾಕ್ಯ ಓದುತ್ತಿದ್ದ ಮಗು. ವಾಪಸ್ ಬಂದಾಗ ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು, ಪದದ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಅಕ್ಷರವನ್ನೇ ಮರೆಯುತ್ತಿದ್ದ. ಮನೆಯಲ್ಲಿದ್ದದ್ದು ಒಂದೇ ಫೋನು, ಅದು ಅಕ್ಕನ ಆನ್‌ಲೈನ್ ಪಾಠಕ್ಕೆ ಹೋಗುತ್ತಿತ್ತು. ಇಂಥ ಮಕ್ಕಳಿಗೆ ಶಾಲೆ ಬಿಟ್ಟರೆ ಬೇರೆ ದಾರಿ ಇಲ್ಲ. ಹಾಗಾಗಿ ‘ಸದ್ಯಕ್ಕೆ ಮುಚ್ಚಿಬಿಡೋಣ’ ಅನ್ನುವ ಮಾತು ನನ್ನ ಬಾಯಿಗೆ ಸುಲಭವಾಗಿ ಬರುತ್ತಿರಲಿಲ್ಲ.

ಪೋಷಕರ ಮೊದಲ ಸಭೆಯಲ್ಲಿ ಎಲ್ಲರೂ ಕೇಳಿದ್ದು ಔಷಧಿ ಸಿಂಪಡಿಸುವ ಬಗ್ಗೆ. “ಮೇಡಂ, ದಿನಾ ಸಂಜೆ ಕ್ಲಾಸ್‌ರೂಮಿಗೆ ಸ್ಪ್ರೇ ಹೊಡೆಸ್ತೀರಲ್ಲ?” ಅವರ ಆತಂಕ ನನಗೆ ಅರ್ಥವಾಗುತ್ತಿತ್ತು. ಹೊಗೆಯಂತೆ ಏಳುವ ಸ್ಪ್ರೇ ಕಣ್ಣಿಗೆ ಕಾಣುತ್ತೆ, ಏನೋ ಆಗುತ್ತಿದೆ ಅನ್ನಿಸುತ್ತೆ. ಆದರೆ ಒಳಾಂಗಣದಲ್ಲಿ ಸೋಂಕುನಿವಾರಕ ಸಿಂಪಡಿಸುವುದನ್ನು ವಾಡಿಕೆ ಮಾಡಿಕೊಳ್ಳಬೇಡಿ, ಮನುಷ್ಯರ ಮೇಲಂತೂ ಯಾವತ್ತೂ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿತ್ತು. ಮುಟ್ಟಿದ ವಸ್ತುಗಳಿಂದ ಈ ಸೋಂಕು ಹರಡುವ ಸಾಧ್ಯತೆ ತೀರಾ ಕಡಿಮೆ ಅಂತ ಮುಂದೆ ಇನ್ನೂ ಸ್ಪಷ್ಟವಾಯಿತು. ಕೈ ತೊಳೆಯೋದು, ಬೆಂಚು ಒರೆಸೋದು ನಡೆಯಲಿ, ಅದು ಯಾವಾಗಲೂ ಇರಬೇಕಾದದ್ದೇ. ದುಡ್ಡು ಮತ್ತು ಗಮನ ಮಾತ್ರ ಗಾಳಿಯ ಕಡೆಗೆ ಹೋಗಬೇಕು ಅಂತ ಪಟ್ಟು ಹಿಡಿದೆ.

ಗಾಳಿಯೇ ಯಾಕೆ ಅಂತ ಶಿಕ್ಷಕರಿಗೆ ವಿವರಿಸಲು ನಾನು ಹೇಳುತ್ತಿದ್ದದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕಾಜಿಟ್ ಎಂಬಲ್ಲಿ ನಡೆದ ಘಟನೆ. 2020ರ ಮಾರ್ಚಿನಲ್ಲಿ ಅಲ್ಲಿ ಒಂದು ಗಾಯನ ತಂಡ ಎರಡೂವರೆ ಗಂಟೆ ಅಭ್ಯಾಸ ಮಾಡಿತು. ಬಂದಿದ್ದವರು 61 ಜನ. ಅವರಲ್ಲಿ ಒಬ್ಬರಿಗೆ ಸೋಂಕಿನ ಲಕ್ಷಣ ಇತ್ತು. ಆಮೇಲೆ 52 ಜನರಿಗೆ ಸೋಂಕು ತಗಲಿತು ಅಥವಾ ತಗಲಿರಬಹುದು ಅಂತ ಲೆಕ್ಕ ಸಿಕ್ಕಿತು. ಅವರು ಮುಚ್ಚಿದ ಕೋಣೆಯಲ್ಲಿ ಒಟ್ಟಿಗೆ ಕೂತು ಜೋರಾಗಿ ಹಾಡಿದ್ದರು. ತರಗತಿಯಲ್ಲೂ ಅದೇ ಅಲ್ವಾ? ಮಗ್ಗಿ ಒಪ್ಪಿಸೋದು, ಪದ್ಯ ಹೇಳೋದು, ಪಾಠ ಮಾಡೋದು ಎಲ್ಲ ಜೋರು ದನಿಯಲ್ಲೇ.

ಆಮೇಲೆ ಕಾರ್ಬನ್ ಡೈಆಕ್ಸೈಡ್ ಅಳೆಯುವ ಮೀಟರ್ ತರಿಸಿದೆವು. ಇದು ವೈರಸ್ಸನ್ನು ಅಳೆಯೋದಿಲ್ಲ. ಕೋಣೆಯಲ್ಲಿ ಬೇರೆಯವರು ಬಿಟ್ಟ ಉಸಿರು ಎಷ್ಟು ನಿಂತಿದೆ ಅಂತ ಹೇಳುತ್ತೆ, ಅಷ್ಟೇ. ಹೊರಗಿನ ಗಾಳಿಯಲ್ಲಿ ಈ ಅನಿಲ ಸುಮಾರು 420 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ ಇರುತ್ತೆ. ನಾವು ಹೊರಗೆ ಬಿಡುವ ಉಸಿರಿನಲ್ಲಿ ಸುಮಾರು 40,000. ಕೋಣೆಯ ಮೀಟರ್ 1,200 ತೋರಿಸಿದರೆ, ಅಲ್ಲಿ ಎಳೆದುಕೊಳ್ಳುವ 50 ಉಸಿರಿನಲ್ಲಿ ಹೆಚ್ಚುಕಮ್ಮಿ ಒಂದು ಬೇರೆಯವರ ಶ್ವಾಸಕೋಶದಿಂದ ಬಂದದ್ದು ಅಂತ ಅರ್ಥ. ಈ ಲೆಕ್ಕ ಹೇಳಿದ ಮೇಲೆ ಯಾವ ಶಿಕ್ಷಕರೂ ಕಿಟಕಿ ವಿಷಯದಲ್ಲಿ ನನ್ನ ಹತ್ತಿರ ವಾದ ಮಾಡಲಿಲ್ಲ.

ಮೀಟರ್ ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. ಅಗ್ಗದ ಕೆಲವು ಮೀಟರ್‌ಗಳು ಬೇರೇನನ್ನೋ ಅಳೆದು, ಕಾರ್ಬನ್ ಡೈಆಕ್ಸೈಡ್ ಇಷ್ಟಿರಬಹುದು ಅಂತ ಅಂದಾಜು ತೋರಿಸುತ್ತವೆ. ಸ್ಯಾನಿಟೈಸರ್ ಬಾಟಲಿ ಹತ್ತಿರ ಹಿಡಿದರೆ ಸಾಕು, ಅಂಕಿ ಗಗನಕ್ಕೇರುತ್ತೆ. ಅವಗೆಂಪು ಬೆಳಕಿನಿಂದ ಅಳೆಯುವ, ಎನ್‌ಡಿಐಆರ್ ಅಂತ ಬರೆದಿರುವ ಮೀಟರ್ ತಗೊಳ್ಳಿ. ಆಗಾಗ ಬಯಲಿಗೆ ತಂದಿಟ್ಟು 420ರ ಆಸುಪಾಸು ತೋರಿಸುತ್ತಾ ಅಂತ ಪರೀಕ್ಷಿಸಿ.

ಕಿಟಕಿ ಬಾಗಿಲು ಮುಚ್ಚಿ, ತರಗತಿ ತುಂಬಾ ಮಕ್ಕಳನ್ನು ಕೂರಿಸಿದರೆ ಒಂದೇ ಪೀರಿಯಡ್ಡಿನಲ್ಲಿ ಅಂಕಿ 1,500 ದಾಟುತ್ತಿತ್ತು. ಎಲ್ಲ ಕಿಟಕಿ ತೆರೆದರೆ ಕೆಲವು ಕೋಣೆಗಳಲ್ಲಿ 600ಕ್ಕೆ ಬಂದು ನಿಲ್ಲುತ್ತಿತ್ತು. ಕೆಲವು ಕೋಣೆಗಳಲ್ಲಿ ಮಾತ್ರ ಜಪ್ಪಯ್ಯ ಅಂದರೂ ಸಾವಿರದ ಕೆಳಗೆ ಇಳಿಯುತ್ತಿರಲಿಲ್ಲ. ಅವುಗಳಿಗೆ ಕಿಟಕಿ ಇದ್ದದ್ದು ಒಂದೇ ಕಡೆ. ಗಾಳಿ ಒಳಗೆ ಬಂದರೆ ಸಾಲದು, ಹೊರಗೆ ಹೋಗಲು ದಾರಿ ಬೇಕು. ಸೀಲಿಂಗ್ ಫ್ಯಾನ್ ತಿರುಗಿದರೆ ತಂಪು ಅನ್ನಿಸುತ್ತೆ, ಆದರೆ ಅದು ಇದ್ದ ಗಾಳಿಯನ್ನೇ ಕಲಕುತ್ತೆ.

ಅಲ್ಲಿ ನಾವು ಮಾಡಿದ್ದು ಸುಲಭದ ಕೆಲಸ. ಒಂದು ಸ್ಟ್ಯಾಂಡ್ ಫ್ಯಾನನ್ನು ಕಿಟಕಿಯ ಹತ್ತಿರ, ಹೊರಮುಖವಾಗಿ ಇಟ್ಟೆವು. ಬಾಗಿಲು ತೆರೆದಿಟ್ಟೆವು. ಆರನೇ ತರಗತಿಯ ಹುಡುಗಿಯೊಬ್ಬಳು ತೆಳ್ಳಗಿನ ಕಾಗದದ ಪಟ್ಟಿಯನ್ನು ದಾರಕ್ಕೆ ಕಟ್ಟಿ ಬಾಗಿಲ ಚೌಕಟ್ಟಿನಲ್ಲಿ ಹಿಡಿದು ನಿಂತಳು. ಫ್ಯಾನ್ ಹಾಕದಿದ್ದಾಗ ಪಟ್ಟಿ ಸುಮ್ನೆ ನೇತಾಡುತ್ತಿತ್ತು. ಹಾಕಿದ ತಕ್ಷಣ ಕೋಣೆಯ ಒಳಕ್ಕೆ ಬಾಗಿತು. “ಟೀಚರ್, ಬಾಗಿಲಿಂದ ಬರ್ತಿದೆ!” ಅಂತ ಕೂಗಿದಳು. ಫ್ಯಾನನ್ನು ಎಡಕ್ಕೆ ಸರಿಸಿ, ಬಲಕ್ಕೆ ಸರಿಸಿ, ಅದರ ಸುತ್ತ ಕಿಟಕಿಯಲ್ಲಿ ಉಳಿದ ಜಾಗಕ್ಕೆ ರಟ್ಟು ಮುಚ್ಚಿ ನೋಡಿದೆವು. ರಟ್ಟು ಮುಚ್ಚಿದಾಗ ಪಟ್ಟಿ ಇನ್ನೂ ಚೆನ್ನಾಗಿ ಬಾಗಿತು. ಇಲ್ಲದಿದ್ದರೆ ಹೊರಗೆ ತಳ್ಳಿದ ಗಾಳಿಯೇ ಸಂದಿಯಿಂದ ವಾಪಸ್ ಬರುತ್ತಿತ್ತು. ಕಾಗದದ ಪಟ್ಟಿಗೆ ಖರ್ಚೇ ಇಲ್ಲ. ಯಾವ ಶಾಲೆಯೂ ನಾಳೆಯೇ ಮಾಡಬಹುದು.

ಚಳಿ ಮತ್ತು ಮಳೆ ಬಂದಾಗ ಕಷ್ಟವಾಗಿದ್ದು ನಿಜ. ಮಕ್ಕಳನ್ನು ಇಡೀ ದಿನ ಗಾಳಿಗೆ ಒಡ್ಡಿ ಕೂರಿಸೋದು ಸರಿಯಲ್ಲ. ಜರ್ಮನಿಯ ಶಾಲೆಗಳು 20 ನಿಮಿಷಕ್ಕೊಮ್ಮೆ ಕಿಟಕಿಗಳನ್ನು ಪೂರ್ತಿ ತೆರೆದು ಸ್ವಲ್ಪ ಹೊತ್ತು ಗಾಳಿಯಾಡಿಸುವ ಪದ್ಧತಿ ಇಟ್ಟುಕೊಂಡಿದ್ದವು. ನಾವೂ ಅದನ್ನೇ ಹಿಡಿದೆವು. ಗೋಡೆಯ ಮೇಲ್ಭಾಗದ ಗಾಳಿಕಿಂಡಿ ಯಾವಾಗಲೂ ತೆರೆದೇ ಇರುತ್ತಿತ್ತು. ಮೀಟರಿನಲ್ಲಿ 800 ದಾಟಿದರೆ ಕಿಟಕಿ ತೆರೆಯುವ ಜವಾಬ್ದಾರಿ ಆ ವಾರದ ಇಬ್ಬರು ಮಕ್ಕಳದ್ದು. ಈ ಕೆಲಸಕ್ಕೆ ಮಕ್ಕಳಷ್ಟು ಕಟ್ಟುನಿಟ್ಟಿನವರು ಸಿಗೋದಿಲ್ಲ. ಪಾಠ ಎಷ್ಟೇ ಸ್ವಾರಸ್ಯವಾಗಿರಲಿ, ಎದ್ದು ಹೋಗಿ ತೆರೆದೇ ತೆರೆಯುತ್ತಿದ್ದರು.

ಕಿಟಕಿಯಿಂದ ಕೆಲಸ ಆಗದ ಕೋಣೆಗೆ ಗಾಳಿ ಸೋಸುವ ಪೆಟ್ಟಿಗೆ ಬೇಕಾಯಿತು. ಅಮೆರಿಕದ ಎಂಜಿನಿಯರಿಂಗ್ ಪ್ರಾಧ್ಯಾಪಕ ರಿಚರ್ಡ್ ಕೋರ್ಸಿ ಮತ್ತು ಫಿಲ್ಟರ್ ಕಂಪನಿಯ ಜಿಮ್ ರೋಸೆಂತಾಲ್ 2020ರಲ್ಲಿ ಒಂದು ಸರಳ ವಿನ್ಯಾಸವನ್ನು ಪ್ರಚಾರಕ್ಕೆ ತಂದಿದ್ದರು. ಸಣ್ಣ ಕಣಗಳನ್ನೂ ಹಿಡಿಯುವ ‘ಮರ್ವ್ 13’ ದರ್ಜೆಯ ನಾಲ್ಕು ಫಿಲ್ಟರ್‌ಗಳನ್ನು ಪೆಟ್ಟಿಗೆಯ ಗೋಡೆಗಳ ಹಾಗೆ ಜೋಡಿಸಿ, ತಳಕ್ಕೆ ರಟ್ಟು ಹಾಕಿ, ಮೇಲೆ ಚೌಕದ ಫ್ಯಾನ್ ಕೂರಿಸಿ, ಸಂದಿಗೆಲ್ಲ ಟೇಪು ಸುತ್ತೋದು. ದೊಡ್ಡ ತರಗತಿಯ ಮಕ್ಕಳೇ ಇದನ್ನು ಮಾಡಿದರು. ಇಲ್ಲಿ ಲೆಕ್ಕ ತಪ್ಪಬಾರದು. ಕೋಣೆಯ ಉದ್ದ, ಅಗಲ, ಎತ್ತರ ಗುಣಿಸಿ. 150 ಘನ ಮೀಟರ್ ಬಂತು ಅನ್ನಿ. ಗಂಟೆಗೆ ಐದು ಸಲ ಗಾಳಿ ಬದಲಾದಷ್ಟು ಪರಿಣಾಮ ಬೇಕು ಅಂದರೆ ಗಂಟೆಗೆ 750 ಘನ ಮೀಟರ್ ಶುದ್ಧ ಗಾಳಿ ಬೇಕು. ಅಂಗಡಿಯ ಸಣ್ಣ ಯಂತ್ರಗಳು ಎಷ್ಟೋ ಸಲ ಇದರ ಅರ್ಧವನ್ನೂ ಕೊಡೋದಿಲ್ಲ. ಇನ್ನೊಂದು ವಿಷಯ, ಸದ್ದು. ಫ್ಯಾನ್ ಪೂರ್ತಿ ವೇಗದಲ್ಲಿ ಹಾಕಿದರೆ ಹಿಂದಿನ ಬೆಂಚಿಗೆ ಪಾಠ ಕೇಳಿಸೋದಿಲ್ಲ, ಶಿಕ್ಷಕರು ಅದನ್ನು ಆಫ್ ಮಾಡುತ್ತಾರೆ. ಆಫ್ ಆದ ಪೆಟ್ಟಿಗೆಯಿಂದ ಏನು ಪ್ರಯೋಜನ? ಅದಕ್ಕೇ ಒಂದನ್ನು ಜೋರಾಗಿ ಓಡಿಸುವ ಬದಲು ಎರಡನ್ನು ಕಡಿಮೆ ವೇಗದಲ್ಲಿ ಓಡಿಸಿದೆವು. ಪೆಟ್ಟಿಗೆ ಇಟ್ಟ ಕೋಣೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಅಂಕಿ ಇಳಿಯೋದಿಲ್ಲ ಅನ್ನೋದೂ ನೆನಪಿರಲಿ. ಫಿಲ್ಟರ್ ಹಿಡಿಯುವುದು ಕಣಗಳನ್ನು, ಅನಿಲವನ್ನಲ್ಲ.

ಅಮೆರಿಕದ ಜಾರ್ಜಿಯಾದ ಪ್ರಾಥಮಿಕ ಶಾಲೆಗಳ ಬಗ್ಗೆ 2021ರಲ್ಲಿ ಒಂದು ಅಧ್ಯಯನ ಬಂತು. ಗಾಳಿಯಾಟ ಸುಧಾರಿಸಿಕೊಂಡ ಶಾಲೆಗಳಲ್ಲಿ ಸೋಂಕಿನ ಪ್ರಮಾಣ 39 ಶೇಕಡಾ ಕಡಿಮೆ ಇತ್ತು. ಇದು ನಾವು ಹಿಡಿದ ದಾರಿಗೆ ಬಲ ಕೊಟ್ಟಿತು. ಪೋಷಕರ ಸಭೆಯಲ್ಲಿ ನಾನು ಓದಿ ಹೇಳಿದ ಅಂಕಿ ಇದೊಂದೇ.

ಮಾಸ್ಕ್ ವಿಷಯದಲ್ಲಿ ಮೊದಲು ನೋಡಬೇಕಾದವರು ಶಿಕ್ಷಕರು. ತರಗತಿಯಲ್ಲಿ ಅತಿ ಜಾಸ್ತಿ ಮಾತಾಡುವವರು ಅವರೇ. ಅವರಿಗೆ ಮುಖಕ್ಕೆ ಸರಿಯಾಗಿ ಕೂರುವ ಎನ್‌95 ಕೊಟ್ಟೆವು. ದನಿಗೆ ಕಷ್ಟವಾಗದಿರಲಿ ಅಂತ ಕೊರಳಿಗೆ ಹಾಕಿಕೊಳ್ಳುವ ಪುಟ್ಟ ಮೈಕ್ ಕೊಟ್ಟೆವು. ಮೈಕಿನಿಂದ ಇನ್ನೊಂದು ಲಾಭ ಸಿಕ್ಕಿತು. ಕೂಗೋದು ನಿಂತಿತು, ಕೂಗೋದು ನಿಂತರೆ ಬಾಯಿಂದ ಹೊರಬೀಳುವ ಕಣವೂ ಕಡಿಮೆ. ಐದು ವರ್ಷದವರೆಗಿನ ಮಕ್ಕಳಿಗೆ ಮಾಸ್ಕ್ ಕಡ್ಡಾಯ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳಿದ್ದವು, ಪುಟಾಣಿಗಳನ್ನು ನಾವು ಕಾಡಲಿಲ್ಲ. ಕಿವಿ ಸರಿಯಾಗಿ ಕೇಳಿಸದ ಒಬ್ಬ ಹುಡುಗಿ ತುಟಿ ನೋಡಿ ಪಾಠ ತಿಳಿಯುತ್ತಿದ್ದಳು. ಅವಳ ಶಿಕ್ಷಕಿ ಪಾರದರ್ಶಕ ಕಿಂಡಿಯಿರುವ ಮಾಸ್ಕ್ ಹಾಕಿ, ಆದಷ್ಟೂ ಪಾಠ ಮರದ ಕೆಳಗೇ ಮಾಡಿದರು. ಯಾವ ನಿಯಮಕ್ಕಾದರೂ ಇಂಥ ಒಂದು ಬಾಗಿಲು ಇರಲೇಬೇಕು.

ಮಾಸ್ಕ್ ತೆಗೆಯುವ ಹೊತ್ತು ಅಂದರೆ ಊಟದ ಹೊತ್ತು. ಊಟ ಪೂರ್ತಿ ಬಯಲಲ್ಲಿ ಅಥವಾ ಜಗುಲಿಯಲ್ಲಿ, ಗುಂಪು ಗುಂಪಾಗಿ, ಬೇರೆ ಬೇರೆ ಹೊತ್ತಿಗೆ. ಪಿಟಿ, ಹಾಡು, ನಾಟಕ ಕೂಡ ಹೊರಗೇ.

ಮಕ್ಕಳ ಬಗ್ಗೆ ಇಷ್ಟು ಎಚ್ಚರ ಇರುತ್ತೆ. ಸ್ಟಾಫ್ ರೂಮಿಗೆ ಹೋದ ತಕ್ಷಣ ಎಲ್ಲರೂ ಮಾಸ್ಕ್ ತೆಗೆದು ಮಾತಿಗೆ ಕೂರೋದು ಸಹಜ. ಇಂಗ್ಲೆಂಡಿನಲ್ಲಿ 2020ರ ಬೇಸಿಗೆಯಲ್ಲಿ ಶಾಲೆಗಳ ಸೋಂಕನ್ನು ಪರಿಶೀಲಿಸಿದವರು, ಸಿಬ್ಬಂದಿಯಿಂದ ಸಿಬ್ಬಂದಿಗೆ ಹರಡಿದ್ದೇ ಹೆಚ್ಚು ಅಂತ ಕಂಡುಕೊಂಡರು. ನಾವು ಸ್ಟಾಫ್ ರೂಮಿನ ಕುರ್ಚಿಗಳನ್ನು ಹೊರಗೆ ಜಗುಲಿಗೆ ತಂದುಬಿಟ್ಟೆವು. ಸಭೆಗಳೂ ಅಲ್ಲೇ. ಸಭೆ ಚಿಕ್ಕದಾಯಿತು, ಅದೂ ಒಳ್ಳೆಯದೇ ಆಯಿತು.

ಇಷ್ಟೆಲ್ಲ ಇದ್ದರೂ ಹುಷಾರಿಲ್ಲದವರು ಶಾಲೆಗೆ ಬಂದರೆ ಕೆಲಸ ಕೆಡುತ್ತೆ. 2021ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕರೊಬ್ಬರಿಗೆ ಲಕ್ಷಣಗಳು ಕಾಣಿಸಿಕೊಂಡವು. ಅಲರ್ಜಿ ಅಂದುಕೊಂಡು ಎರಡು ದಿನ ಕೆಲಸಕ್ಕೆ ಬಂದರು, ಓದಿ ಹೇಳುವಾಗ ಮಾಸ್ಕ್ ತೆಗೆದಿದ್ದರು. 24 ಮಕ್ಕಳಲ್ಲಿ 12 ಜನರಿಗೆ ಸೋಂಕು. ಮುಂದಿನ ಎರಡು ಸಾಲಿನ 10 ಮಕ್ಕಳಲ್ಲಿ 8 ಜನರಿಗೆ. ಅಲ್ಲಿ ಕಿಟಕಿ ಬಾಗಿಲು ತೆರೆದೇ ಇದ್ದವು, ಗಾಳಿ ಸೋಸುವ ಯಂತ್ರವೂ ಇತ್ತು. ಗಾಳಿ ನಂಬಿಕೊಂಡು ಉಳಿದದ್ದನ್ನು ಬಿಡುವ ಹಾಗಿಲ್ಲ ಅನ್ನೋದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಜನ ಹುಷಾರಿಲ್ಲದಿದ್ದರೂ ಬರೋದು ಹಠದಿಂದಲ್ಲ. ಶಿಕ್ಷಕರಿಗೆ ರಜೆ ಕಡಿತದ ಭಯ, ತಮ್ಮ ತರಗತಿಯನ್ನು ಯಾರು ನೋಡುತ್ತಾರೆ ಅನ್ನುವ ಚಿಂತೆ. ಮಕ್ಕಳಿಗೆ ಹಾಜರಾತಿ ಬಹುಮಾನದ ಆಸೆ. ಹಾಗಾಗಿ ಪೂರ್ಣ ಹಾಜರಾತಿಗೆ ಕೊಡುತ್ತಿದ್ದ ಬಹುಮಾನ ನಿಲ್ಲಿಸಿದೆವು. ಶಿಕ್ಷಕರು ಬೆಳಗ್ಗೆ ಒಂದು ಮೆಸೇಜ್ ಹಾಕಿದರೆ ಸಾಕು, ಕಾರಣ ಕೇಳುವಂತಿಲ್ಲ. ಅವರ ಪೀರಿಯಡ್ ಯಾರು ತೆಗೆದುಕೊಳ್ಳಬೇಕು ಅನ್ನುವ ಪಟ್ಟಿ ವಾರದ ಮೊದಲೇ ಸಿದ್ಧ ಇರುತ್ತಿತ್ತು. ಈ ಪಟ್ಟಿ ಮಾಡೋದು ತಲೆನೋವಿನ ಕೆಲಸ. ಆದರೂ ನಮ್ಮ ಶಾಲೆ ನಡೆದದ್ದರಲ್ಲಿ ಅದರ ಪಾಲು ಬಹಳ ದೊಡ್ಡದು.

ಒಂದು ಮಗುವಿಗೆ ಪಾಸಿಟಿವ್ ಬಂದರೆ ಇಡೀ ತರಗತಿಯನ್ನು ಮನೆಗೆ ಕಳಿಸಬೇಕಾ? ಇಂಗ್ಲೆಂಡಿನ ಸುಮಾರು 200 ಶಾಲೆಗಳಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದರು. ಸಂಪರ್ಕಕ್ಕೆ ಬಂದವರನ್ನು ಮನೆಯಲ್ಲಿ ಕೂರಿಸುವ ಬದಲು ದಿನಾ ಟೆಸ್ಟ್ ಮಾಡಿ, ನೆಗೆಟಿವ್ ಇದ್ದರೆ ಶಾಲೆಗೆ ಸೇರಿಸಿಕೊಂಡರು. ಸೋಂಕು ಹರಡುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಫಲಿತಾಂಶ 2021ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಆರೋಗ್ಯ ಇಲಾಖೆಯ ಒಪ್ಪಿಗೆ ಇದ್ದಾಗೆಲ್ಲ ನಾವೂ ಹಾಗೇ ಮಾಡಿದೆವು.

ಮುಚ್ಚುವ ನಿಯಮವನ್ನೂ ಮೊದಲೇ ಬರೆದು ನೋಟಿಸ್ ಬೋರ್ಡಿಗೆ ಹಾಕಿದ್ದೆವು. ಒಂದು ತರಗತಿಯಲ್ಲಿ ಒಬ್ಬರಿಂದೊಬ್ಬರಿಗೆ ಹರಡುತ್ತಿದೆ ಅಂತ ಕಂಡರೆ ಆ ತರಗತಿ ಮಾತ್ರ ಮನೆಗೆ. ಮಕ್ಕಳನ್ನು ನೋಡಿಕೊಳ್ಳಲು ಬೇಕಾದಷ್ಟು ಶಿಕ್ಷಕರು ಇಲ್ಲ ಅಂದಾಗ ಮಾತ್ರ ಇಡೀ ಶಾಲೆಗೆ ರಜೆ, ವಾಪಸ್ ತೆರೆಯುವ ದಿನಾಂಕ ಹೇಳಿಯೇ ರಜೆ. ನೋಟಿಸ್ ಪಕ್ಕದಲ್ಲೇ ಪ್ರತಿ ಕೋಣೆಯ ಮೀಟರ್ ಅಂಕಿ, ಆ ವಾರ ಎಷ್ಟು ಜನರಿಗೆ ಸೋಂಕು ಬಂತು ಅನ್ನೋದು ಇರುತ್ತಿತ್ತು. ಹೆಸರು ಮಾತ್ರ ಇರುತ್ತಿರಲಿಲ್ಲ. ಸ್ಪ್ರೇ ಬಗ್ಗೆ ಕೇಳಿದ್ದ ಪೋಷಕರೇ ಆಮೇಲೆ ಗೇಟಿನ ಹತ್ತಿರ ನಿಂತು, “ಮೇಡಂ, ನಾಲ್ಕನೇ ಕ್ಲಾಸಲ್ಲಿ ಈ ವಾರ ಯಾಕೆ ಸಾವಿರದ ಮೇಲಿದೆ?” ಅಂತ ಕೇಳುತ್ತಿದ್ದರು. ಅವತ್ತು ನೋಡಿದರೆ ಆ ಕೋಣೆಯ ಒಂದು ಕಿಟಕಿಯ ಕೊಂಡಿ ತುಕ್ಕು ಹಿಡಿದು ತೆರೆಯುತ್ತಲೇ ಇರಲಿಲ್ಲ. ಮಧ್ಯಾಹ್ನದೊಳಗೆ ಸರಿಮಾಡಿಸಿದೆವು.

ಈಗಲೂ ಮೀಟರ್‌ಗಳು ಗೋಡೆಯ ಮೇಲಿವೆ. ಶೀತ, ಜ್ವರದ ಸಮಯದಲ್ಲಿ ಪೆಟ್ಟಿಗೆಗಳನ್ನು ಹೊರಗೆ ತೆಗೆಯುತ್ತೇವೆ. ಫಿಲ್ಟರ್ ಕಪ್ಪಾದಾಗ ದೊಡ್ಡವರೇ ಮಾಸ್ಕ್ ಹಾಕಿಕೊಂಡು, ಬಯಲಲ್ಲಿ ಬಿಚ್ಚಿ ಬದಲಿಸುತ್ತಾರೆ. ಹೊಸ ಕೋಣೆಗಳ ನಕ್ಷೆ ತಂದ ಎಂಜಿನಿಯರ್ ಹತ್ತಿರ ನಾವು ಕೇಳಿದ್ದು ಮೂರು: ಎದುರುಬದುರು ಗೋಡೆಯಲ್ಲಿ ಕಿಟಕಿ, ಮಕ್ಕಳ ಕೈಗೆ ಎಟುಕುವ ಕೊಂಡಿ, ಮೇಲ್ಗಡೆ ಎಕ್ಸಾಸ್ಟ್ ಫ್ಯಾನಿಗೆ ಜಾಗ. ಮೂರನ್ನೂ ನಕ್ಷೆಯಲ್ಲಿ ಸೇರಿಸಿದ ಮೇಲೆಯೇ ಸಹಿ ಹಾಕಿದೆ.