ನಮ್ಮ ಹೊಲದ ಶಕ್ತಿ ಲೆಕ್ಕ: ಕಪಿಲೆಯಿಂದ ಕೊಳವೆಬಾವಿಯವರೆಗೆ

ಬೇಸಾಯದಲ್ಲಿ ಇಂಧನದ ಖರ್ಚು ಏಕೆ ಇಷ್ಟು ಏರಿತು ಎಂದು ಕೇಳಿದರೆ ಎಲ್ಲರೂ ಮೊದಲು ಟ್ರ್ಯಾಕ್ಟರಿನ ಕಡೆಗೆ ಬೆರಳು ತೋರಿಸುತ್ತಾರೆ. ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಹಿಪ್ಪುನೇರಳೆ ಮತ್ತು ರಾಗಿ ಬೆಳೆಯುವ ನಾನೂ ನನ್ನ ಹೊಲದ ಲೆಕ್ಕ ಹಾಕಿ ನೋಡಿದೆ. ಉಳುಮೆಯದು ಅದರಲ್ಲಿ ಸಣ್ಣ ಬಾಬ್ತು. ಶಕ್ತಿಯನ್ನು ನುಂಗುತ್ತಿರುವುದು ನೀರು.

ಲೆಕ್ಕಕ್ಕೆ ಕೂರುವ ಮೊದಲು ಎತ್ತು, ಆಳು, ಡೀಸೆಲ್, ಕರೆಂಟು ಎಲ್ಲವನ್ನೂ ಒಂದೇ ಅಳತೆಗೆ ತರಬೇಕು. ನಮ್ಮ ದೇಶದ ಕೃಷಿ ಸಂಶೋಧಕರು ಬಹುಕಾಲದಿಂದ ಬಳಸುತ್ತಿರುವ, ಶಕ್ತಿಯ ಅಳತೆಯಾದ ಮೆಗಾಜೂಲಿನ ಪಟ್ಟಿ ಇದಕ್ಕೆ ಅನುಕೂಲ. ಗಂಡಾಳಿನ ಒಂದು ಗಂಟೆಯ ದುಡಿಮೆಗೆ 1.96, ಮಧ್ಯಮ ಗಾತ್ರದ ಒಂದು ಜೋಡಿ ಎತ್ತಿನ ಒಂದು ಗಂಟೆಗೆ 10.10, ಒಂದು ಲೀಟರ್ ಡೀಸೆಲ್‌ಗೆ 56.31, ಒಂದು ಯೂನಿಟ್ ವಿದ್ಯುತ್ತಿಗೆ 11.93. ಮೀಟರಿನಲ್ಲಿ ಓಡುವ ಒಂದು ಯೂನಿಟ್ ನಿಜವಾಗಿ 3.6 ಮೆಗಾಜೂಲ್ ಮಾತ್ರ. ಅದನ್ನು ಉತ್ಪಾದಿಸಿ ನಮ್ಮ ಟಿ.ಸಿ. (ಟ್ರಾನ್ಸ್‌ಫಾರ್ಮರ್) ವರೆಗೆ ತರುವಲ್ಲಿ ಆಗುವ ನಷ್ಟವನ್ನೂ ಸೇರಿಸಿ ಪಟ್ಟಿಯಲ್ಲಿ 11.93 ಎಂದು ಹಿಡಿದಿದ್ದಾರೆ. ಮನೆಯಲ್ಲಿ ನಮ್ಮ ತಂದೆಯವರ ಲೆಕ್ಕದ ಪುಸ್ತಕಗಳಿದ್ದವು. ಕೂಲಿ, ಬಾಡಿಗೆ ಎತ್ತು, ಡೀಸೆಲ್, ಗೊಬ್ಬರ, ಮೋಟಾರ್ ರೀವೈಂಡಿಂಗ್ ಎಲ್ಲವೂ ತಾರೀಖು ಸಮೇತ ಅವುಗಳಲ್ಲಿವೆ. ಎತ್ತು ಕಟ್ಟಿ ಬಾವಿಯಿಂದ ನೀರು ಸೇದುತ್ತಿದ್ದ ಕಪಿಲೆಯ ಕಾಲದ ಬರಹವಿರಲಿಲ್ಲ. ಅದನ್ನು ತಂದೆಯವರನ್ನೇ ಕೇಳಿ ಬರೆದುಕೊಂಡೆ.

ಉಳುಮೆಯಿಂದ ಆರಂಭಿಸುತ್ತೇನೆ. ಒಂದು ಎಕರೆ ರಾಗಿ ಹೊಲವನ್ನು ಎತ್ತಿನಲ್ಲಿ ಮೂರು ಸಲ ಉಳಲು ಹೆಚ್ಚುಕಡಿಮೆ ಮೂವತ್ತು ಗಂಟೆ ಬೇಕಿತ್ತು. ಎತ್ತಿನದೂ ಆಳಿನದೂ ಕೂಡಿಸಿದರೆ 360 ಮೆಗಾಜೂಲ್. ಈಗ ಎರಡು ಸಲ ಕಲ್ಟಿವೇಟರ್, ಒಂದು ಸಲ ರೋಟವೇಟರ್ ಹೊಡೆಸಿದರೆ ಹನ್ನೆರಡು ಲೀಟರ್ ಡೀಸೆಲ್, ಅಂದರೆ 676 ಮೆಗಾಜೂಲ್. ಎರಡು ಪಟ್ಟಿಗಿಂತ ಕಡಿಮೆ. ವರ್ಷವಿಡೀ ಎತ್ತುಗಳಿಗೆ ಹಾಕುತ್ತಿದ್ದ ಹುಲ್ಲು, ಹಿಂಡಿಯನ್ನೂ ಸೇರಿಸಿದರೆ ಆ ಅಂತರವೂ ಉಳಿಯಲಾರದು.

ದೇಶದ ಅಂಕಿಅಂಶಗಳಲ್ಲಿ ಕಾಣುವುದೂ ಎತ್ತಿನಿಂದ ಯಂತ್ರದ ಕಡೆಗಿನ ಇದೇ ನಡೆ. 1960ರ ಹೊತ್ತಿಗೆ ಭಾರತದ ಹೊಲಗಳಲ್ಲಿ ದುಡಿಯುತ್ತಿದ್ದ ಬಲದಲ್ಲಿ ಶೇ. 90ಕ್ಕೂ ಹೆಚ್ಚು ಮನುಷ್ಯರದು ಮತ್ತು ದನಗಳದು. ಹೆಕ್ಟೇರಿಗೆ ಲಭ್ಯವಿದ್ದ ಒಟ್ಟು ಬಲ ಕಾಲು ಕಿಲೋವ್ಯಾಟ್‌ನ ಆಸುಪಾಸು. ಈಗ ಅದು ಎರಡು ಕಿಲೋವ್ಯಾಟ್ ದಾಟಿದೆ. ಆದರೆ ಇದು ಕೊಟ್ಟಿಗೆಯಲ್ಲೂ ಶೆಡ್ಡಿನಲ್ಲೂ ಎಷ್ಟು ಬಲ ನಿಂತಿದೆ ಎಂಬ ಲೆಕ್ಕ. ಯಾವುದು ಎಷ್ಟು ಹೊತ್ತು ದುಡಿಯಿತು ಎಂಬುದು ಇದರಲ್ಲಿ ಸಿಗುವುದಿಲ್ಲ. ನಮ್ಮ ಕಡೆ ಟ್ರ್ಯಾಕ್ಟರ್ ವರ್ಷದ ಬಹುಪಾಲು ನಿಂತೇ ಇರುತ್ತದೆ. ಮೋಟಾರು ಕರೆಂಟು ಬಂದಾಗಲೆಲ್ಲ ಓಡುತ್ತದೆ.

ನೀರಿನ ಲೆಕ್ಕ ಬೇರೆಯೇ ರೀತಿಯದು. ತಾತನ ಕಾಲದಲ್ಲಿ ನಮ್ಮ ಬಾವಿ ಮೂವತ್ತೈದು ಅಡಿ ಆಳದ್ದು. ಕಪಿಲೆ ಕಟ್ಟಿ, ಎತ್ತುಗಳನ್ನು ಇಳಿಜಾರಿನಲ್ಲಿ ಹೊಡೆದು, ಚರ್ಮದ ಚೀಲದಲ್ಲಿ ನೀರೆತ್ತುತ್ತಿದ್ದರು. ಬೆಳಗಿನ ಆರು ಗಂಟೆಯ ಕೆಲಸಕ್ಕೆ ಎತ್ತು ಮತ್ತು ಆಳು ಸೇರಿ 72 ಮೆಗಾಜೂಲ್. ಆಮೇಲೆ ಡೀಸೆಲ್ ಎಂಜಿನ್ ಬಂತು, ಗಂಟೆಗೆ ಲೀಟರಿನ ಲೆಕ್ಕದಲ್ಲಿ ಕುಡಿಯುತ್ತಿತ್ತು. ಅದರ ಹಿಂದೆಯೇ ವಿದ್ಯುತ್ ಪಂಪ್‌ಸೆಟ್. ತೆರೆದ ಬಾವಿ ಬತ್ತಿದ ಮೇಲೆ ತಿರುಚೆಂಗೋಡಿನ ರಿಗ್ ಲಾರಿಗಳು ಊರಿಗೆ ಬರತೊಡಗಿದವು; ಇನ್ನೂರು ಅಡಿಯಿದ್ದ ಆಳ ಐನೂರಾಯಿತು, ಸಾವಿರ ದಾಟಿತು. ಈಗ ನಮ್ಮ ಪಂಪು ಎಂಟುನೂರು ಅಡಿಯಲ್ಲಿ ತೂಗುತ್ತಿದೆ.

ಒಂದು ಸಾವಿರ ಲೀಟರ್ ನೀರನ್ನು ನೂರು ಮೀಟರ್ ಎತ್ತಲು, ಯಾವ ನಷ್ಟವೂ ಇಲ್ಲದಿದ್ದರೆ, 0.27 ಯೂನಿಟ್ ಬೇಕು. ಇದು ಭೌತಶಾಸ್ತ್ರದ ನಿಯಮ, ಯಾವ ಕಂಪನಿಯ ಪಂಪೂ ಇದನ್ನು ಮೀರಲಾರದು. ಮೂವತ್ತೈದು ಅಡಿಯ ಬಾವಿಗೆ 0.03 ಯೂನಿಟ್ ಸಾಕಿತ್ತು. ಎಂಟುನೂರು ಅಡಿಗೆ 0.66 ಯೂನಿಟ್. ಬೆಳೆ ಅದೇ, ಮಣ್ಣು ಅದೇ, ಆದರೆ ಒಂದೊಂದು ಬಿಂದಿಗೆ ನೀರಿಗೂ ಇಪ್ಪತ್ತು ಪಟ್ಟಿಗಿಂತ ಹೆಚ್ಚು ಶಕ್ತಿ. ಬಯಲುಸೀಮೆಯ ಬೇಸಾಯದ ಶಕ್ತಿ ಬಳಕೆ ಏರಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ನಮ್ಮ ಮೋಟಾರು ನಿಜವಾಗಿ ಎಷ್ಟು ತಿನ್ನುತ್ತದೆ ಎಂದು ಅಳೆಯುವುದು ಮುಂದಿನ ಕೆಲಸ. ಕರ್ನಾಟಕದಲ್ಲಿ ಹತ್ತು ಎಚ್‌.ಪಿ.ವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ, ಬಹುಪಾಲು ಸೆಟ್ಟುಗಳಿಗೆ ಮೀಟರೇ ಇಲ್ಲ. ಹೀಗಾಗಿ ರೈತರ ಬಳಕೆಯೆಂದು ಅಚ್ಚಾಗುವ ಅಂಕಿ ಬಹುಮಟ್ಟಿಗೆ ಅಂದಾಜು. ರೀವೈಂಡಿಂಗ್ ಮಾಡುವವರಿಂದ, ತಂತಿಯ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಎರವಲು ತಂದೆವು. ಸ್ಟಾರ್ಟರ್ ಡಬ್ಬದಲ್ಲಿ ಕೈಯಾಡಿಸುವ ಕೆಲಸ ಬಲ್ಲವರಿಗೇ ಬಿಡಬೇಕು, ಅವರೇ ಹಿಡಿದು ನೋಡಿದರು: ಒಂದೊಂದು ಫೇಸಿಗೂ 16 ಆಂಪಿಯರ್, ವೋಲ್ಟೇಜ್ 400. ಎರಡನ್ನೂ ಗುಣಿಸಿ, ಮೂರು ಫೇಸಿನ ಲೆಕ್ಕದ 1.732ರಿಂದಲೂ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬೀಳುವ ಪಾಲು) 0.8ರಿಂದಲೂ ಗುಣಿಸಿದರೆ ಸುಮಾರು 8,900 ವ್ಯಾಟ್, ಅಂದರೆ ಗಂಟೆಗೆ 8.9 ಯೂನಿಟ್. ನೀರು ಅಳೆಯಲು ಇನ್ನೂರು ಲೀಟರಿನ ಡ್ರಮ್ಮು ಮತ್ತು ಮೊಬೈಲಿನ ಗಡಿಯಾರ ಸಾಕಾಯಿತು. ಪೈಪಿನ ಬಾಯಿಗೆ ಹಿಡಿದ ಡ್ರಮ್ಮು ತುಂಬಲು 200 ಸೆಕೆಂಡು, ಅಂದರೆ ಸೆಕೆಂಡಿಗೆ ಒಂದು ಲೀಟರ್, ಗಂಟೆಗೆ 3,600 ಲೀಟರ್. ಮೋಟಾರು ಹಾಕಿದ ಕೂಡಲೇ ಅಳೆದರೆ ನೀರು ಹೆಚ್ಚು ತೋರುತ್ತದೆ. ಅರ್ಧ ಗಂಟೆ ಓಡಿದ ಮೇಲೆ ಸಿಗುವುದೇ ಕೊಳವೆಬಾವಿಯ ನಿಜವಾದ ಇಳುವರಿ.

ಸಾವಿರ ಲೀಟರಿಗೆ ಎರಡೂವರೆ ಯೂನಿಟ್ ಹೋಗುತ್ತಿತ್ತು. ನಿಯಮದ ಪ್ರಕಾರ ಬೇಕಾದದ್ದು 0.66. ಉಳಿದದ್ದೆಲ್ಲ ಪಂಪಿನಲ್ಲಿ, ಮೋಟಾರಿನಲ್ಲಿ, ಕೇಬಲ್ಲಿನಲ್ಲಿ, ಪೈಪಿನ ಉಜ್ಜಾಟದಲ್ಲಿ ಕಾವಾಗಿ ಹೋಗುತ್ತಿತ್ತು. ದಿನಕ್ಕೆ ಏಳು ಗಂಟೆ ತ್ರೀಫೇಸ್ ಕೊಟ್ಟರೆ 62 ಯೂನಿಟ್, ಸುಮಾರು 740 ಮೆಗಾಜೂಲ್. ಒಂದು ಎಕರೆಯನ್ನು ಮೂರು ಸಲ ಉಳಲು ಸುಡುವ ಡೀಸೆಲ್‌ಗಿಂತ ಹೆಚ್ಚಿನ ಶಕ್ತಿಯನ್ನು ಕೊಳವೆಬಾವಿ ಒಂದೇ ದಿನದಲ್ಲಿ ಮುಗಿಸುತ್ತದೆ. ಈ ಸಾಲನ್ನು ಓದಿ ಹೇಳಿದಾಗ ತಂದೆಯವರು ಪುಸ್ತಕ ಕೈಗೆ ತೆಗೆದುಕೊಂಡು ತಾವೇ ಮತ್ತೊಮ್ಮೆ ಗುಣಿಸಿ ನೋಡಿದರು. “ಕಪಿಲೆಯ ಹತ್ತು ದಿನದ್ದು ಇದು ಒಂದು ದಿನಕ್ಕೆ” ಎಂದರು. ಅವರ ಮಾತು ಲೆಕ್ಕಕ್ಕೆ ಸರಿಯಾಗಿದೆ.

ಅಳತೆ ಸಿಕ್ಕ ಮೇಲೆ ಬದಲಾವಣೆಗೆ ಕೈ ಹಾಕಿದೆ. ಕೊಳವೆಬಾವಿ ಕೊಡುವ ನೀರಿಗೂ ಪಂಪಿನ ಸಾಮರ್ಥ್ಯಕ್ಕೂ ತಾಳೆಯಿರಲಿಲ್ಲ. ಹೆಚ್ಚು ನೀರು ಎತ್ತಲು ಮಾಡಿದ ಪಂಪು ಕಡಿಮೆ ನೀರಿನಲ್ಲಿ ತಿಣುಕುತ್ತಿತ್ತು. ಹಳೆಯದು ಸುಟ್ಟಾಗ ಅದೇ ಎಚ್‌.ಪಿ.ಯದನ್ನೇ ಮತ್ತೆ ಇಳಿಸುವುದು ಊರಿನ ರೂಢಿ. ನಾನು ಅಂಗಡಿಗೆ ಆಳ ಮತ್ತು ನೀರಿನ ಅಳತೆ ಎರಡನ್ನೂ ಬರೆದು ಒಯ್ದು, ಅದಕ್ಕೆ ಹೊಂದುವಷ್ಟು ಸ್ಟೇಜುಗಳ (ಪಂಪಿನೊಳಗೆ ಒಂದರ ಮೇಲೊಂದು ಕೂರಿಸಿದ ಚಕ್ರಗಳ) ಏಳೂವರೆ ಎಚ್‌.ಪಿ. ಪಂಪನ್ನು ತಂದೆ. ನೀರು ತುಸು ಇಳಿಯಿತು, ಆದರೆ ಸಾವಿರ ಲೀಟರಿಗೆ ಎರಡು ಯೂನಿಟ್ ಸಾಕಾಗುತ್ತಿದೆ. ಹಿಪ್ಪುನೇರಳೆಯ ಸಾಲುಗಳಿಗೆ ಹನಿ ನೀರಾವರಿ ಹಾಕಿದ್ದರಿಂದ ಓಡಿಸುವ ಗಂಟೆಗಳೇ ಕಡಿಮೆಯಾದವು. ಇಳಿಕೆಯ ದೊಡ್ಡ ಪಾಲು ಬಂದದ್ದು ಅಲ್ಲಿಂದ. ಆಟೋ ಸ್ಟಾರ್ಟರನ್ನೂ ತೆಗೆಸಿದೆ. ರಾತ್ರಿ ಪಾಳಿಯಲ್ಲಿ ಕರೆಂಟು ಬಂದೊಡನೆ ತಾನೇ ಶುರುವಾಗಿ, ನೆಂದ ಹೊಲಕ್ಕೇ ಮತ್ತೆ ನೀರು ಸುರಿಯುವ ಆ ಡಬ್ಬ ಎಷ್ಟು ಅಂತರ್ಜಲವನ್ನು ಹಾಳು ಮಾಡಿದೆಯೋ ನೆನೆದರೆ ಹೊಟ್ಟೆ ಉರಿಯುತ್ತದೆ.

ಇಷ್ಟು ಉಳಿಸಿದರೂ ನನಗೆ ಒಂದು ರೂಪಾಯಿಯೂ ಉಳಿಯಲಿಲ್ಲ, ಏಕೆಂದರೆ ಬಿಲ್ಲೇ ಇಲ್ಲ. ಮೋಟಾರ್ ಸುಡುವುದು ಕಡಿಮೆಯಾಯಿತು, ಅದೊಂದೇ ಲಾಭ. ಪಂಜಾಬಿನಲ್ಲಿ 2018ರಲ್ಲಿ ಆರಂಭಿಸಿದ ಯೋಜನೆಯಲ್ಲಿ ರೈತನಿಗೆ ಇಷ್ಟು ಯೂನಿಟ್ ಎಂದು ನಿಗದಿ ಮಾಡಿ, ಅದರಲ್ಲಿ ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿ ಕೊಡುವ ಏರ್ಪಾಡು ಮಾಡಿದ್ದರು. ಉಚಿತ ವಿದ್ಯುತ್ತನ್ನು ಕಿತ್ತುಕೊಳ್ಳದೆ ಮೀಟರ್ ಹಾಕಬಹುದಾದ ದಾರಿ ಇದು. ಮೀಟರ್ ಎಂದರೆ ನಮ್ಮಲ್ಲಿ ಹೆದರಿಕೆ ಇದೆ, ಆ ಹೆದರಿಕೆಗೆ ಕಾರಣವೂ ಇದೆ. ಹಣ ಕೈಗೆ ಬಂದರೆ ಮಾತ್ರ ಅದು ಹೋದೀತು.

ಹೊಲದ ಹೊರಗೆ ಖರ್ಚಾಗುವ ಶಕ್ತಿಯೂ ನಮ್ಮ ಲೆಕ್ಕವೇ. 45 ಕಿಲೋ ಯೂರಿಯಾ ಚೀಲದಲ್ಲಿ 20.7 ಕಿಲೋ ಸಾರಜನಕ, ಕಿಲೋಗೆ 60.6 ಮೆಗಾಜೂಲಿನಂತೆ 1,254 ಮೆಗಾಜೂಲ್. ಇಪ್ಪತ್ತೆರಡು ಲೀಟರ್ ಡೀಸೆಲ್‌ಗೆ ಸಮ. ದೇಶದ ಶಕ್ತಿ ಬಳಕೆಯ ಲೆಕ್ಕದಲ್ಲಿ ಇದು ಕೈಗಾರಿಕೆಯ ಬಾಬ್ತಿಗೆ ಹೋಗುತ್ತದೆ. ಟ್ರ್ಯಾಕ್ಟರಿನ ಡೀಸೆಲ್ ಕಾರು, ಲಾರಿಗಳ ಜೊತೆ ಒಂದೇ ಬಂಕಿನಲ್ಲಿ ಮಾರಾಟವಾಗುವುದರಿಂದ ಅದನ್ನು ಬೇರ್ಪಡಿಸಲು ಸಮೀಕ್ಷೆ ಬೇಕು. ಹತ್ತು ವರ್ಷಕ್ಕೂ ಹಿಂದೆ ನಡೆದ ಒಂದು ಸಮೀಕ್ಷೆ ಡೀಸೆಲ್ ಮಾರಾಟದಲ್ಲಿ ಕೃಷಿಯ ಪಾಲನ್ನು ಸುಮಾರು ಶೇ. 13 ಎಂದಿತ್ತು. ವಿದ್ಯುತ್ತಿನಲ್ಲಿ ಕೃಷಿಯ ಪಾಲು ತೊಂಬತ್ತರ ದಶಕದ ಕೊನೆಗೆ ಶೇ. 30ರ ಹತ್ತಿರವಿತ್ತು, ಈಚಿನ ವರ್ಷಗಳಲ್ಲಿ ಶೇ. 20ಕ್ಕಿಂತ ಕೆಳಗಿದೆ. ಪಾಲು ಇಳಿದದ್ದನ್ನು ಬಳಕೆ ಇಳಿಯಿತೆಂದು ಓದಬಾರದು. ಮನೆ, ಕಾರ್ಖಾನೆಗಳ ಬಳಕೆ ಇನ್ನೂ ಜೋರಾಗಿ ಏರಿದೆ, ಅಷ್ಟೆ.

ಸೋಲಾರ್ ಪಂಪ್ ಹಾಕಿಸಿ ಎಂದು ಹೇಳುವವರಿದ್ದಾರೆ. ಕೇಂದ್ರ ಸರ್ಕಾರದ 2019ರ ಕುಸುಮ್ ಯೋಜನೆಯಲ್ಲಿ ಸೋಲಾರ್ ಪಂಪಿನ ಸಹಾಯಧನ ಏಳೂವರೆ ಎಚ್‌.ಪಿ.ವರೆಗಿನ ಪಂಪಿನ ಲೆಕ್ಕಕ್ಕೆ ಸೀಮಿತ. ಸಾವಿರ ಅಡಿ ದಾಟಿದ ನಮ್ಮ ನೆರೆಹೊರೆಯವರ ಕೊಳವೆಬಾವಿಗಳಿಗೆ ಅದು ಸಾಲದು. ಪಂಪ್‌ಸೆಟ್ಟುಗಳ ಫೀಡರಿಗೇ (ಸಬ್‌ಸ್ಟೇಷನ್ನಿನಿಂದ ಬರುವ ವಿದ್ಯುತ್ ಲೈನಿಗೇ) ಸೌರ ವಿದ್ಯುತ್ ಕೊಡುವ ಕುಸುಮ್-ಸಿ ಭಾಗ ನಮ್ಮಂಥ ಕಡೆಗೆ ಹೆಚ್ಚು ಹೊಂದುತ್ತದೆ. ನಮ್ಮ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ ಅಂಥ ಘಟಕ 2025ರಲ್ಲಿ ಆರಂಭವಾಗಿದೆ. ನಮ್ಮ ಫೀಡರಿಗೂ ಅದು ಬಂದು ಹಗಲಲ್ಲೇ ಏಳು ಗಂಟೆ ಸಿಕ್ಕರೆ, ನಾನು ಎದುರು ನಿಂತು ನೋಡಿ ನೀರು ಬಿಡುತ್ತೇನೆ. ಆಗ ಮತ್ತೊಮ್ಮೆ ಡ್ರಮ್ಮು, ಕ್ಲ್ಯಾಂಪ್ ಮೀಟರ್ ತಂದು ಅಳೆದು, ತಂದೆಯವರ ಪುಸ್ತಕದಲ್ಲೇ ಮುಂದಿನ ಸಾಲು ಬರೆಯುವವನಿದ್ದೇನೆ.