ಇನ್‌ಹೇಲರ್ ಎಳೆಯುವುದು ಹೇಗೆ: ಔಷಧಿ ಗಂಟಲಲ್ಲೇ ಉಳಿಯಬಾರದು

ಸಕಲೇಶಪುರದಲ್ಲಿ ಮಳೆ ಹಿಡಿಯಿತು ಅಂದರೆ ನಮ್ಮ ಮೆಡಿಕಲ್ ಶಾಪ್‌ಗೆ ಉಬ್ಬಸದವರು ಬರುವುದು ಜಾಸ್ತಿ. ಇನ್‌ಹೇಲರ್ ಕೊಡುವಾಗ ನಾನು ಹೇಳುತ್ತೇನೆ, "ಒಮ್ಮೆ ಎಳೆದು ತೋರಿಸಿ." ತುಂಬಾ ಜನ ಬಾಯಿಗೆ ಸ್ಪ್ರೇ ಹೊಡೆದುಕೊಂಡು ಬಾಯಿ ಮುಚ್ಚಿಬಿಡುತ್ತಾರೆ. ಔಷಧಿ ನಾಲಿಗೆ ಮೇಲೆ ಬಿತ್ತು, ಅಷ್ಟೇ.

ಅದು ಹೋಗಬೇಕಾದ ಜಾಗ ಇನ್ನೂ ಆಳದಲ್ಲಿದೆ. ಗಂಟಲಿನ ಕೆಳಗೆ ಸುಮಾರು 10–12 ಸೆಂ.ಮೀ. ಉದ್ದದ ಶ್ವಾಸನಾಳ. ಎದೆಯೊಳಗೆ ಅದು ಎರಡಾಗಿ ಒಡೆದು ಎರಡೂ ಶ್ವಾಸಕೋಶಕ್ಕೆ ಹೋಗುತ್ತದೆ. ಮುಂದೆ ಕವಲು, ಕವಲಿಗೆ ಕವಲು, ಹೀಗೆ ಸುಮಾರು 23 ಸಲ. ಕೊನೆಗೆ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳು. ರಕ್ತಕ್ಕೆ ಆಮ್ಲಜನಕ ಸೇರುವುದು ಅಲ್ಲಿ. ಉಬ್ಬಸದಲ್ಲಿ ಕೆಡುವುದು ಈ ಚೀಲಗಳಲ್ಲ, ಅಲ್ಲಿಗೆ ಹೋಗುವ ದಾರಿ. ಕೊಳವೆಗಳ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪದರ ಊದುತ್ತದೆ, ಕಫ ಕಟ್ಟುತ್ತದೆ. ಉಸಿರು ಬಿಡುವಾಗ ಸುಂಯ್ ಅನ್ನುವುದು ಅದಕ್ಕೇ.

ಈಗ ಸ್ಪ್ರೇ ಇನ್‌ಹೇಲರ್. ಮುಚ್ಚಳ ತೆಗೆದು ಚೆನ್ನಾಗಿ ಅಲ್ಲಾಡಿಸಿ. ನೆಟ್ಟಗೆ ಕೂತು ಉಸಿರನ್ನು ಪೂರ್ತಿ ಹೊರಗೆ ಬಿಡಿ. ಇನ್‌ಹೇಲರ್‌ನ ಬಾಯಿಯನ್ನು ತುಟಿಯಿಂದ ಬಿಗಿಯಾಗಿ ಹಿಡಿದು ನಿಧಾನವಾಗಿ ಎಳೆಯಲು ಶುರು ಮಾಡಿ, ಶುರುವಿನಲ್ಲೇ ಒಮ್ಮೆ ಒತ್ತಿ, ಎಳೆಯುತ್ತಲೇ ಇರಿ. ಅವಸರದಲ್ಲಿ ಎಳೆದರೆ ಬಾಯಿಂದ ಗಂಟಲಿಗೆ ತಿರುಗುವ ಕಡೆ ಔಷಧಿ ಬಡಿದು ಅಲ್ಲೇ ಅಂಟುತ್ತದೆ. ಆಮೇಲೆ ಬಾಯಿ ಮುಚ್ಚಿ 10 ಎಣಿಸುವವರೆಗೆ ಉಸಿರು ಹಿಡಿಯಿರಿ. ಸಣ್ಣ ಹನಿಗಳು ಕೊಳವೆಯ ಗೋಡೆಗೆ ಕೂರಲು ಅಷ್ಟು ಹೊತ್ತು ಬೇಕು. ಎರಡನೇ ಪಫ್ ಇದ್ದರೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ ತೆಗೆದುಕೊಳ್ಳಿ.

ಒತ್ತುವುದು, ಎಳೆಯುವುದು ಒಟ್ಟಿಗೆ ಆಗದಿದ್ದರೆ ಸ್ಪೇಸರ್, ಅಂದರೆ ಇನ್‌ಹೇಲರ್‌ಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಹಾಕಿ. ಮಕ್ಕಳಿಗೆ, ವಯಸ್ಸಾದವರಿಗೆ ಬೇಕೇ ಬೇಕು. ಸ್ಪ್ರೇಯ ವೇಗ ಅದರಲ್ಲೇ ತಗ್ಗುತ್ತದೆ. ವಾರಕ್ಕೊಮ್ಮೆ ಸೋಪು ನೀರಿನಲ್ಲಿ ಅದ್ದಿ ತೆಗೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒಳಗೆ ಉಜ್ಜಿದರೆ ಪ್ಲಾಸ್ಟಿಕ್ ಔಷಧಿಯನ್ನು ತನ್ನ ಕಡೆಗೇ ಸೆಳೆಯುತ್ತದೆ.

ಪುಡಿಯ ಕ್ಯಾಪ್ಸೂಲ್ ಹಾಕುವ ಇನ್‌ಹೇಲರ್ ಲೆಕ್ಕವೇ ಬೇರೆ. ಅದನ್ನು ಜೋರಾಗಿ, ಆಳವಾಗಿ ಎಳೆಯಬೇಕು. ನಿಮ್ಮ ಉಸಿರಿನ ಬಲವೇ ಪುಡಿಯನ್ನು ಒಳಗೆ ಒಯ್ಯುವುದು. ಅದರೊಳಗೆ ಉಸಿರು ಬಿಡಬೇಡಿ, ಪುಡಿ ಒದ್ದೆಯಾಗುತ್ತದೆ. ಆ ಕ್ಯಾಪ್ಸೂಲ್ ನುಂಗುವುದಕ್ಕಲ್ಲ. ನುಂಗಿ, ಗುಣ ಕಾಣಲಿಲ್ಲ ಅಂತ ಬಂದವರಿದ್ದಾರೆ. ಅವರಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ, ನನಗೆ ಬೇಜಾರಾಗುವುದು ಅದಕ್ಕೆ.

ದಿನಾ ತೆಗೆದುಕೊಳ್ಳುವ ಸ್ಟೀರಾಯ್ಡ್ ಇನ್‌ಹೇಲರ್ ಆದರೆ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಮಚ್ಚೆ ಏಳಬಹುದು. "ಚಟ ಆಗುತ್ತಾ?" ಅಂತ ಕೇಳುವವರು ಬಹಳ. ಇಲ್ಲ, ಆಗುವುದಿಲ್ಲ. ಚೆನ್ನಾಗಿದ್ದೇನೆ ಅಂತ ಸುಮ್ನೆ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಇನ್‌ಹೇಲರ್ ಮೇಲೆ ಉಳಿದ ಪಫ್ ತೋರಿಸುವ ಕೌಂಟರ್ ಸೊನ್ನೆಗೆ ಬಂದ ಮೇಲೂ ಸ್ಪ್ರೇ ಬರುತ್ತದೆ. ಅದನ್ನು ನಂಬಬೇಡಿ, ಹೊಸದು ತನ್ನಿ.

ಒಂದು ವಾಕ್ಯ ಪೂರ್ತಿ ಹೇಳಲು ಆಗದಷ್ಟು ದಮ್ಮು ಬಂದರೆ, ತುಟಿ ನೀಲಿಯಾದರೆ, ಅಥವಾ ತುರ್ತಿನ ಇನ್‌ಹೇಲರ್‌ಗೂ ಉಬ್ಬಸ ತಗ್ಗದಿದ್ದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಮಲಗಿಸದೆ ನೆಟ್ಟಗೆ ಕೂರಿಸಿ. ಇನ್‌ಹೇಲರ್, ಸ್ಪೇಸರ್ ಎರಡನ್ನೂ ಜೊತೆಗೆ ಒಯ್ಯಿರಿ.